ಬೆಂಗಳೂರಲ್ಲಿ ಒಳ್ಳೆ ಕಾಫಿ: ಬಾಯಿಗೆ ಇಡೋ ಮುಂಚೆ ಜಾಗ ಗುರುತಿಸೋದು ಹೇಗೆ?

ಹೊಂಗೆ ನೆರಳು ಕೇಳಿದ್ದು:

ಮುಂದಿನ ತಿಂಗಳಿಂದ ಮನೆ ಬಸವನಗುಡಿ, ಆಫೀಸು ಇಂದಿರಾನಗರ. ಬೆಳಗ್ಗೆ ಹೊರಗೆ ಒಂದು ಫಿಲ್ಟರ್ ಕಾಫಿ, ಸಂಜೆ ಹಾಲಿಲ್ಲದ ಕಾಫಿ, ಇಷ್ಟು ಬೇಕು. ಊರ ತುಂಬ ಬ್ರಾಂಚ್ ಇರೋ ಚೈನ್ ಕೆಫೆಗಳು ಬೇಡ. ಮ್ಯಾಪಿನ ಸ್ಟಾರುಗಳಿಂದ ಪ್ರಯೋಜನ ಇಲ್ಲ, ದೋಸೆಗೆ ಕೊಟ್ಟಿದ್ದು ಯಾವುದು, ಕಾಫಿಗೆ ಕೊಟ್ಟಿದ್ದು ಯಾವುದು ಗೊತ್ತಾಗಲ್ಲ. ಹೆಸರಿನ ಜೊತೆ ಕಾರಣಾನೂ ಹೇಳಿ. ಒಂದೇ ಹೋಟೆಲಿನ ಕಾಫಿ ಬೆಳಗ್ಗೆ ಘಮ್ ಅಂತಿದ್ದು ಮಧ್ಯಾಹ್ನ ಕಹಿಯಾಗೋದು ಯಾಕೆ? ಹೊಸ ಕೆಫೆಗಳ ಪೋರ್ ಓವರ್ (ಪುಡಿ ಮೇಲೆ ಬಿಸಿನೀರು ಸುರಿದು ಸೋಸೋ ಕಾಫಿ) ಹುಳಿ ಇರೋದು ಬೀಜದ ಗುಣವಾ, ಮಾಡೋರ ತಪ್ಪಾ?

ಹಿತ್ತಾಳೆ ಫಿಲ್ಟರ್:

ಮಧ್ಯಾಹ್ನದ ಕಹಿಗೆ ಕಾರಣ ಬಹುತೇಕ ಡಿಕಾಕ್ಷನ್ ವಯಸ್ಸು. ಆಗ ತಾನೇ ಇಳಿದ ಡಿಕಾಕ್ಷನ್‌ನ ಘಮ ಒಂದೆರಡು ಗಂಟೆ ಇರುತ್ತೆ, ಆಮೇಲೆ ಇಳೀತಾ ಹೋಗುತ್ತೆ. ಬೆಳಗ್ಗೆ ಆರರಿಂದ ಹತ್ತರವರೆಗೆ ಜನ ಜಾಸ್ತಿ, ಫಿಲ್ಟರ್ ಮೇಲೆ ಫಿಲ್ಟರ್ ಖಾಲಿಯಾಗ್ತಿರುತ್ತೆ, ಹಳೇದು ಉಳಿಯೋಕೆ ಅವಕಾಶವೇ ಇಲ್ಲ. ಹನ್ನೊಂದರ ಮೇಲೆ ಉಳಿದದ್ದನ್ನ ನೇರವಾಗಿ ಉರಿ ಮೇಲೆ ಇಟ್ಟು ಕಾಯಿಸಿದ್ರೆ ಮುಗೀತು. ಬಿಸಿನೀರಿನ ಪಾತ್ರೆಯೊಳಗೆ ಡಿಕಾಕ್ಷನ್ ಪಾತ್ರೆ ಇಳಿಸಿಟ್ಟಿರೋ ಹೋಟೆಲ್ ಕಂಡ್ರೆ ಧೈರ್ಯವಾಗಿ ಟೋಕನ್ ತಗೊಳ್ಳಿ.

ಹಾಲನ್ನೂ ನೋಡಿ. ಗಟ್ಟಿ ಹಾಲು ಒಂದು ಸಲ ಉಕ್ಕಿಸಿ ಸಣ್ಣ ಉರಿಯಲ್ಲಿ ಇಟ್ಟಿದ್ರೆ ಸರಿ. ಗಂಟೆಗಟ್ಟಲೆ ಕುದೀತಾ ಇದ್ರೆ ಬೆಂದ ಹಾಲಿನ ವಾಸನೆ ಕಾಫಿಯನ್ನ ಮುಚ್ಚಿಬಿಡುತ್ತೆ. ಇನ್ನೊಂದು, ಕೌಂಟರಿನಲ್ಲಿ ಡಿಕಾಕ್ಷನ್, ಹಾಲು, ಸಕ್ಕರೆ ಬೇರೆ ಬೇರೆ ಇರಬೇಕು. ಮೊದಲೇ ಬೆರೆಸಿ ಇಟ್ಟಿದ್ರೆ "ಸ್ಟ್ರಾಂಗ್, ಸಕ್ಕರೆ ಕಮ್ಮಿ" ಅಂದ್ರೂ ಅವರಿಗೆ ಏನೂ ಮಾಡೋಕಾಗಲ್ಲ.

ನಿಮ್ಮ ಮನೆ ಹತ್ತಿರ ಶಂಕರಪುರದಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ, 1965ರಿಂದ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಅಷ್ಟೇ ತಿಂಡಿ. ಐಟಂ ಕಮ್ಮಿ ಇರೋದರಿಂದ ಬಂದವರೆಲ್ಲ ಕಾಫಿಗೆ ಕೈ ಹಾಕ್ತಾರೆ, ಡಿಕಾಕ್ಷನ್ ನಿಲ್ಲೋದೇ ಇಲ್ಲ. ನಿಂತುಕೊಂಡೇ ಕುಡೀಬೇಕು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ (1943), ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. (1924) ಎರಡರಲ್ಲೂ ಕಾಫಿ ಸೊಗಸು, ಆದರೆ ಬರೀ ಕಾಫಿಗಾಗಿ ಅಲ್ಲಿ ಟೇಬಲ್ ಕಾಯೋದು ದಿನನಿತ್ಯಕ್ಕೆ ಆಗೋ ಮಾತಲ್ಲ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಭಾನುವಾರ ಪುರುಸೊತ್ತಿದ್ರೆ ಮಲ್ಲೇಶ್ವರದ ವೀಣಾ ಸ್ಟೋರ್ಸ್.

ಬಾಬಾಬುಡನ್:

ಹುಳಿ ವಿಷಯಕ್ಕೆ ಬರ್ತೀನಿ, ಅದರಲ್ಲೇ ಜಾಸ್ತಿ ಗೊಂದಲ ಇರೋದು.

ಎತ್ತರದ ತೋಟದ ಅರೇಬಿಕಾವನ್ನ (ಕಾಫಿಯ ಒಂದು ಜಾತಿ) ಹದವಾಗಿ, ಕಮ್ಮಿ ಹುರಿದಾಗ ಹಣ್ಣಿನ ಹುಳಿ ಇದ್ದೇ ಇರುತ್ತೆ. ಅದು ಗುಣ. ತಪ್ಪಿನ ಹುಳಿ ಬೇರೆ: ನೀರು ಸಾಕಷ್ಟು ಬಿಸಿ ಇಲ್ಲದೆ, ಪುಡಿ ದಪ್ಪವಾಗಿ, ರಸ ಪೂರ್ತಿ ಇಳಿಯದೆ ಬರೋದು. ಪತ್ತೆ ಮಾಡೋದು ಸುಲಭ. ಕಪ್ಪನ್ನ ಹತ್ತು ನಿಮಿಷ ಆರೋಕೆ ಬಿಡಿ. ಒಳ್ಳೆ ಕಾಫಿ ಆರಿದಷ್ಟೂ ಸಿಹಿಯಾಗುತ್ತೆ. ಕೆಟ್ಟದ್ದು ಇನ್ನೂ ಚುರುಕಾಗಿ, ಸ್ವಲ್ಪ ಉಪ್ಪುಪ್ಪಾಗಿ, ನೀರು ನೀರಾಗಿ ಇರುತ್ತೆ.

ಮಾಡುವಾಗಲೇ ನೋಡಬಹುದು. ಪೋರ್ ಓವರ್ ಆದ್ರೆ 15 ಗ್ರಾಂ ಪುಡಿಗೆ 240 ಮಿ.ಲೀ. ನೀರು, 92ರಿಂದ 94 ಡಿಗ್ರಿ, ಎರಡೂವರೆಯಿಂದ ಮೂರೂವರೆ ನಿಮಿಷ. ಕೆಳಗೆ ತಕ್ಕಡಿ ಇಲ್ಲದೆ ಅಂದಾಜಿಗೆ ಸುರೀತಿದ್ರೆ ಇವತ್ತು ಬಂದ ರುಚಿ ನಾಳೆ ಬರಲ್ಲ. ಎಸ್ಪ್ರೆಸೊ (ಯಂತ್ರದ ಒತ್ತಡದಲ್ಲಿ ಇಳಿಸೋ ಗಟ್ಟಿ ಕಾಫಿ) ಆದ್ರೆ 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡ್. ಹದಿನೈದೇ ಸೆಕೆಂಡಲ್ಲಿ ಸುರಿದುಬಿಟ್ರೆ ಹುಳಿ ಗ್ಯಾರಂಟಿ. ಅಂಥದ್ದನ್ನ ಚೆಲ್ಲಿ ಇನ್ನೊಂದು ಮಾಡೋ ಹುಡುಗ ಹುಡುಗಿಯರು ಇರೋ ಕೆಫೆಯನ್ನ ಬಿಡಬೇಡಿ, ಅವರಿಗೆ ಮನಸಾರೆ ಮರ್ಯಾದೆ ಸಲ್ಲಬೇಕು.

ಆರ್ಡರ್ ಮಾಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: "ಯಾವ ತೋಟದ್ದು, ಯಾವಾಗ ಹುರಿದಿದ್ದು?" ಪ್ಯಾಕೆಟ್ ಮೇಲೆ ಹುರಿದ ದಿನಾಂಕ, ತೋಟ, ತಳಿ (ಎಸ್ 795, ಚಂದ್ರಗಿರಿ, ಸೆಲೆಕ್ಷನ್ 9, ಹೀಗೆ), ವಾಶ್ಡ್ (ಹಣ್ಣಿನ ತಿರುಳು ತೊಳೆದು ಒಣಗಿಸಿದ್ದು) ಅಥವಾ ನ್ಯಾಚುರಲ್ (ಹಣ್ಣಿನ ಸಮೇತ ಒಣಗಿಸಿದ್ದು) ಅಂತ ಇರಬೇಕು. ಹುರಿದು ಒಂದು ವಾರದಿಂದ ಒಂದು ತಿಂಗಳೊಳಗಿನ ಬೀಜ ಉತ್ತಮ. ಬರೀ "ಪ್ರೀಮಿಯಂ ಅರೇಬಿಕಾ" ಅಂದ್ರೆ ನಿಂಬೆ ಸೋಡಾ ಕುಡಿದು ಬನ್ನಿ.

ಇಂದಿರಾನಗರದಲ್ಲಿ ಅರಕು ಅನ್ನೋ ಕೆಫೆ ಇದೆ. 2017ರಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿ ತೆರೆದು 2021ರಲ್ಲಿ ಇಲ್ಲಿಗೆ ಬಂತು. ಬೀಜ ಆಂಧ್ರದ ಅರಕು ಕಣಿವೆಯ ಆದಿವಾಸಿ ರೈತರದ್ದು. ಪಕ್ಕದ ಹಲಸೂರಲ್ಲಿ ಮೇವರಿಕ್ ಅಂಡ್ ಫಾರ್ಮರ್, ಕೊಡಗಿನ ತಮ್ಮದೇ ತೋಟದ ಬೀಜ. ಥರ್ಡ್ ವೇವ್ ಕೆಫೆ ಹುಟ್ಟಿದ್ದು ಬೆಂಗಳೂರಲ್ಲೇ ಆದರೂ ಈಗ ದೊಡ್ಡ ಚೈನ್, ನಿಮ್ಮ ಲೆಕ್ಕಕ್ಕೆ ಬರಲ್ಲ.

ಹಿತ್ತಾಳೆ ಫಿಲ್ಟರ್ ಅವರು ಚಿಕೋರಿ (ಕಾಫಿ ಪುಡಿಗೆ ಬೆರೆಸೋ, ಹುರಿದ ಬೇರಿನ ಪುಡಿ) ವಿಷಯ ಹೇಳೋದನ್ನ ಬಿಟ್ಟಿದ್ದಾರೆ. ಶೇ 20 ದಾಟಿದ್ರೆ ಕಾಫಿ ರುಚಿ ಹೋಗುತ್ತೆ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಹಿತ್ತಾಳೆ ಫಿಲ್ಟರ್:

ಒಪ್ಪಲ್ಲ ಸರ್. ಹೋಟೆಲ್ ಕಾಫಿಗೆ ಶೇ 30 ಇದ್ರೂ ತಪ್ಪಿಲ್ಲ. ಹಾಲಿನ ಮುಂದೆ ನಿಲ್ಲೋ ಬಣ್ಣ, ಗಟ್ಟಿತನ ಚಿಕೋರಿಯಿಂದ ಬರುತ್ತೆ. ಕಮ್ಮಿ ಹುರಿದ ಬರೀ ಅರೇಬಿಕಾಗೆ ಅಷ್ಟು ಹಾಲು ಹಾಕಿದ್ರೆ ಕಾಫಿ ಎಲ್ಲಿದೆ ಅಂತ ಹುಡುಕಬೇಕು. ಹೊಸ ಕೆಫೆಗಳ ಫಿಲ್ಟರ್ ಕಾಫಿ ಸಪ್ಪೆ ಅನ್ನಿಸೋದು ಇದಕ್ಕೇ. ಆದರೆ ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51 ಇದ್ರೆ ಸಾಕು, ಅಂದ್ರೆ ಚಿಕೋರಿ 49ರವರೆಗೂ ಹೋಗಬಹುದು. ಅಷ್ಟು ಹಾಕಿದ್ದು ಕಾಫಿ ಅಲ್ಲ ಅನ್ನೋದರಲ್ಲಿ ಇಬ್ಬರದ್ದೂ ಒಂದೇ ಮಾತು. ಪ್ರಮಾಣ ಪ್ಯಾಕೆಟ್ ಮೇಲೆ ಬರೆದಿರಲೇಬೇಕು, ಓದಿ ತಗೊಳ್ಳಿ.

ಹೊಂಗೆ ನೆರಳು:

ಇಬ್ಬರಿಗೂ ಧನ್ಯವಾದ. ರಜಾ ದಿನ ಮನೆಯಲ್ಲೇ ಮಾಡ್ಕೋಬೇಕು. ಫಿಲ್ಟರಿನಲ್ಲಿ ಕೆಲವು ಸಲ ಡಿಕಾಕ್ಷನ್ ಇಳಿಯೋದೇ ಇಲ್ಲ, ಕೆಲವು ಸಲ ಐದೇ ನಿಮಿಷಕ್ಕೆ ಚಹಾ ಥರ ಇಳಿದುಬಿಡುತ್ತೆ. ನೀರು ಆರ್.ಓ.ದು ಹಾಕಬಹುದಾ?

ಹಿತ್ತಾಳೆ ಫಿಲ್ಟರ್:

ಇಬ್ಬರಿಗೆ 25 ಗ್ರಾಂ ಪುಡಿ, 120 ಮಿ.ಲೀ. ನೀರು. ಕುದಿ ಬಂದು ಅರ್ಧ ನಿಮಿಷ ಬಿಟ್ಟು ಹಾಕಿ. ಪುಡಿಯೇ ಒಂದಷ್ಟು ಹೀರಿಕೊಳ್ಳೋದರಿಂದ ಸುಮಾರು 70 ಮಿ.ಲೀ. ಸಿಗುತ್ತೆ. ಒಂದು ಲೋಟಕ್ಕೆ 35 ಡಿಕಾಕ್ಷನ್, 100 ಹಾಲು. ಇಳಿಯೋಕೆ 15ರಿಂದ 20 ನಿಮಿಷ ಹಿಡೀಬೇಕು. ಬೇಗ ಇಳಿದ್ರೆ ಪುಡಿ ದಪ್ಪ, ಇಲ್ಲವೇ ಮೇಲಿನ ಬಿಲ್ಲೆಯಿಂದ ಒತ್ತಿಲ್ಲ. ನಿಂತುಹೋದ್ರೆ ಪುಡಿ ತೀರಾ ನುಣ್ಣಗಿದೆ, ಜೋರಾಗಿ ಒತ್ತಿದ್ದೀರಿ, ಇಲ್ಲಾ ತೂತು ಕಟ್ಟಿದೆ. ಮೇಲಿನ ಪಾತ್ರೆಯನ್ನ ಖಾಲಿ ಮಾಡಿ ಗ್ಯಾಸ್ ಉರಿ ಮೇಲೆ ಇಕ್ಕಳದಲ್ಲಿ ಹಿಡಿದು, ಆರಿದ ಮೇಲೆ ಉಜ್ಜಿ ತೊಳೆದ್ರೆ ತೂತು ಬಿಡುತ್ತೆ.

ಬಾಬಾಬುಡನ್:

ನೀರಿನ ಬಗ್ಗೆ: ಕಾವೇರಿ ನೀರು ಬಂದ್ರೆ ಅದನ್ನೇ ಸೋಸಿ ಬಳಸಿ. ಬೋರ್‌ವೆಲ್ ನೀರು ಗಡಸು, ಅದರಲ್ಲಿ ಕಾಫಿ ಮಂಕು. ಆರ್.ಓ. ನೀರಿನಲ್ಲಿ ಲವಣ ತೀರಾ ಕಮ್ಮಿಯಾದ್ರೂ ಸಪ್ಪೆ. ಟಿ.ಡಿ.ಎಸ್. (ನೀರಿನಲ್ಲಿ ಕರಗಿರೋ ಲವಣದ ಅಳತೆ) 150ರ ಆಸುಪಾಸು ಇದ್ರೆ ಚೆನ್ನ. ಯಂತ್ರದಲ್ಲಿ ಅದನ್ನ ಏರಿಸೋ ಸ್ಕ್ರೂ ಇದ್ದರೆ ಸರ್ವೀಸ್‌ನವರ ಹತ್ತಿರ ತಿರುಗಿಸಿಕೊಳ್ಳಿ, ಇಲ್ಲದಿದ್ರೆ ಆರ್.ಓ. ನೀರಿಗೆ ಸ್ವಲ್ಪ ಕಾವೇರಿ ನೀರು ಬೆರೆಸಿ ಕುದಿಸಿ.