‘ಸಾಹಿತ್ಯ ಅಲ್ಲ, ಕಾದಂಬರಿ’: ಈ ಬಳಕೆ ನಿಮ್ಮ ಕಡೆಯೂ ಇದೆಯೇ?

ಎಲ್ಲರಿಗೂ ನಮಸ್ಕಾರ.

ಕೊಡಗಿನ ಕಕ್ಕಡ ತಿಂಗಳ ಮಳೆಗೆ ಸಿಕ್ಕಿಕೊಂಡು ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ನಾಪೋಕ್ಲಿನ ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದರು. ಪುಣ್ಯಕ್ಕೆ ಕರೆಂಟು ಇತ್ತು, ಚಂದನದಲ್ಲಿ ‘ಥಟ್ ಅಂತ ಹೇಳಿ’ ಬರುತ್ತಿತ್ತು. 2002ರಿಂದ ನಾ. ಸೋಮೇಶ್ವರರು ನಡೆಸಿಕೊಡುತ್ತಿರುವ ಈ ಕ್ವಿಜ್‌ನಲ್ಲಿ ಸರಿಯುತ್ತರಕ್ಕೆ ಬಹುಮಾನ ಪುಸ್ತಕವಲ್ಲವೇ, ಅದರ ಹೆಸರು ಕೇಳಿಸಿಕೊಳ್ಳಲೆಂದೇ ಅವ್ವ ಒಲೆಯ ಮುಂದಿನಿಂದ ಎದ್ದು ಬರುತ್ತಾರೆ. ಮೇಷ್ಟ್ರು ಅದನ್ನು ಕಂಡು, “ನಿಮಗೆ ಸಾಹಿತ್ಯ ಅಂದ್ರೆ ತುಂಬ ಇಷ್ಟ ಅಂತ ಕಾಣುತ್ತೆ, ಅಕ್ಕ” ಎಂದರು.

“ಅಯ್ಯೋ, ಸಾಹಿತ್ಯ ಎಲ್ಲ ನಂಗೆ ತಿಳಿಯೋದಿಲ್ಲ ಮೇಷ್ಟ್ರೇ. ನಾನು ಓದೋದು ಕಾದಂಬರಿ.”

ನಲವತ್ತು ವರ್ಷ ವಾರಪತ್ರಿಕೆಗಳ ಧಾರಾವಾಹಿಗಳನ್ನು ಓದಿ, ಕತ್ತರಿಸಿ, ದಾರದಲ್ಲಿ ಹೊಲಿದಿಟ್ಟವರ ಮಾತು ಇದು. ಮನೆಯಲ್ಲಿ ಕೊಡವ ತಕ್ಕ್‌ನಲ್ಲಿ ಮಾತಾಡುವಾಗ ಅವರಿಗೆ ಎಲ್ಲವೂ ‘ಪುಸ್ತಕ’ವೇ. ಕನ್ನಡಕ್ಕೆ ಹೊರಳಿದಾಗ ಮಾತ್ರ ಅದು ಎರಡು ಪಾಲಾಗುತ್ತದೆ. ಈ ಭೇದವನ್ನು ಅವರು ಕನ್ನಡದ ಜೊತೆಗೇ ಕಲಿತಿದ್ದಾರೆ ಎಂದು ನನಗನ್ನಿಸಿತು, ಸಂಕಟವೂ ಆಯಿತು.

ಪದದ ಹಿಂದೆ ಹೋದರೆ ಸೋಜಿಗ ಇನ್ನೂ ಹೆಚ್ಚು. ಕಾದಂಬರಿ ಎಂಬುದು 7ನೇ ಶತಮಾನದ ಬಾಣಭಟ್ಟ ಬರೆದ ಗದ್ಯಕಾವ್ಯದ, ಅದರ ನಾಯಕಿಯ ಹೆಸರು. ಸಮಾಸದ ಬೆನ್ನಿಗೆ ಸಮಾಸ, ಎಷ್ಟು ಓದಿದರೂ ಮುಗಿಯದ ವಾಕ್ಯ. ಆ ಸಂಸ್ಕೃತ ಗದ್ಯ ಪಂಡಿತರಿಗೂ ಸುಲಭದ ತುತ್ತಲ್ಲ. ನಾಗವರ್ಮ ಅದನ್ನು ಕನ್ನಡದ ಚಂಪುವಿಗೆ ತಂದ. ಮುಂದೆ ಮರಾಠಿಯಲ್ಲೂ ಕನ್ನಡದಲ್ಲೂ ಆ ಹೆಣ್ಣಿನ ಹೆಸರೇ ಒಂದು ಇಡೀ ಸಾಹಿತ್ಯ ಪ್ರಕಾರದ ಹೆಸರಾಯಿತು. ಬಾಣನಿದ್ದ ಹರ್ಷನ ಆಸ್ಥಾನದಿಂದ ಹೊರಟ ಪದ ಅವ್ವನ ಬಾಯಿಗೆ ಬರುವಷ್ಟರಲ್ಲಿ ‘ಸಾಹಿತ್ಯ ಅಲ್ಲದ್ದು’ ಎಂಬ ಅರ್ಥ ಪಡೆದದ್ದು ಯಾವಾಗ?

ನನಗೆ ಇದು ಈಗ ತುರ್ತಾಗಿ ಬೇಕಾಗಿದೆ. ಟಿ.ವಿ.ಯ ಪುಸ್ತಕ ಕಾರ್ಯಕ್ರಮಗಳ ಬಗ್ಗೆ ನಮ್ಮ ಓದುಗರ ಕೂಟದಲ್ಲಿ ಮಾತಾಡಲು ಒಪ್ಪಿಕೊಂಡಿದ್ದೇನೆ. ಫ್ರಾನ್ಸಿನ ಬೆರ್ನಾರ್ ಪಿವೊ 1975ರಿಂದ 1990ರವರೆಗೆ ಶುಕ್ರವಾರ ರಾತ್ರಿಗಳಲ್ಲಿ ಲೇಖಕರನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಮರುದಿನ ಜನ ಅಂಗಡಿಗೆ ಹೋಗಿ ಆ ಪುಸ್ತಕಗಳನ್ನೇ ಕೇಳುತ್ತಿದ್ದರು. 1985ರಿಂದ ಅವರು ನಡೆಸಿದ ಉಕ್ತಲೇಖನ ಸ್ಪರ್ಧೆಗೆ ಮನೆಮನೆಯಲ್ಲೂ ಕಾಗದ ಪೆನ್ನು ಹಿಡಿದು ಟಿ.ವಿ. ಮುಂದೆ ಕೂತವರಿದ್ದರು. ಇದನ್ನೆಲ್ಲ ಕನ್ನಡದಲ್ಲಿ ಹೇಳುವುದು ಕಷ್ಟವಾಗಲಿಲ್ಲ. ನಾನು ನಿಂತದ್ದು ಅಮೆರಿಕದ ಓಪ್ರಾ ವಿನ್‌ಫ್ರೀ ಹತ್ತಿರ. 1996ರಲ್ಲಿ ತಮ್ಮ ಶೋದಲ್ಲೇ ಪುಸ್ತಕ ಕೂಟ ಶುರುಮಾಡಿದ ಅವರು 2001ರಲ್ಲಿ ಜೊನಾಥನ್ ಫ್ರಾಂಜನ್ ಅವರ ಕಾದಂಬರಿಯನ್ನು ಆರಿಸಿದರು. ತಾನು ಉನ್ನತ ಕಲೆಯ ಪರಂಪರೆಗೆ ಸೇರಿದವನೆಂದು ಫ್ರಾಂಜನ್ ಮುಜುಗರ ತೋರಿದರು. ಓಪ್ರಾ ಆಹ್ವಾನವನ್ನು ಹಿಂದಕ್ಕೆ ಪಡೆದರು.

ಆ ‘ಉನ್ನತ’ಕ್ಕೆ ನಮ್ಮಲ್ಲಿ ಏನೆನ್ನೋಣ? ವಿಮರ್ಶಕರು ‘ಶಿಷ್ಟ’ ಎನ್ನುತ್ತಾರೆ. ಆದರೆ ದುಷ್ಟನಿಗ್ರಹ, ಶಿಷ್ಟಪರಿಪಾಲನೆ ಕೇಳಿ ಬೆಳೆದ ಕಿವಿಗೆ ಶಿಷ್ಟದ ಎದುರಿಗಿರುವುದು ಅಶಿಷ್ಟವೇ. ‘ಗಂಭೀರ’ ಎಂದರೆ, ಅವ್ವ ಧಾರಾವಾಹಿ ಓದುವುದೂ ಗಂಭೀರವಾಗಿಯೇ. ‘ಜನಪ್ರಿಯ’ದಲ್ಲಿ ಪ್ರೀತಿ ಇದೆ, ಅದನ್ನೂ ಕೊಂಚ ಕೀಳಾಗಿಸಿಟ್ಟಿದ್ದೇವೆ.

ಈ ಎರಡನ್ನೂ ಹತ್ತಿರ ತರುವುದಕ್ಕೆ ಬೇಕಾದ ಕ್ರಿಯಾಪದದ್ದು ಬೇರೆ ತೊಡಕು. ಎಲ್ಲರೂ ‘ಸೇತುವೆ ಕಟ್ಟುವುದು’ ಎಂದು ಬರೆಯುತ್ತಾರೆ. ಸೇತುವೆ ಕಟ್ಟಿದರೂ ಎರಡು ದಡ ಎರಡಾಗಿಯೇ ಉಳಿಯುತ್ತವೆ. 10ನೇ ಶತಮಾನದಲ್ಲಿ ಪಂಪ ಹೇಳಿದ್ದು ಇದಕ್ಕಿಂತ ಹಿರಿದು: ಕಾವ್ಯ ದೇಸಿಯನ್ನು (ಈ ನೆಲದ ಮಾತಿನ ರೀತಿಯನ್ನು) ಹೊಗಬೇಕು, ಹೊಕ್ಕು ಮಾರ್ಗದಲ್ಲಿ (ಸಂಸ್ಕೃತ ಪರಂಪರೆಯ ರೀತಿಯಲ್ಲಿ) ‘ತಳ್ವುದು’, ಅಂದರೆ ಕೂಡಿಕೊಳ್ಳಬೇಕು. ನನಗೆ ಬೇಕಾದ ಪದ ಅದೇ. ಆದರೆ ಈಗ ‘ತಳ್’ ಎಂದರೆ ದೂಡು ಎಂದೇ ಕೇಳಿಸುತ್ತದೆ.

‘ಕಾದಂಬರಿ’ಯನ್ನು ‘ಸಾಹಿತ್ಯ’ಕ್ಕೆ ಎದುರಾಗಿಟ್ಟು ಮಾತಾಡುವುದನ್ನು ಧಾರವಾಡ, ಮಂಗಳೂರು, ಕೋಲಾರದ ಕಡೆ ಯಾರಾದರೂ ಕೇಳಿದ್ದೀರಾ? ಯಾರ ಬಾಯಲ್ಲಿ, ಸುಮಾರು ಯಾವ ಕಾಲದಲ್ಲಿ? ಹಳೆಯ ಪತ್ರಿಕೆಗಳ ಓದುಗರ ಓಲೆಗಳಲ್ಲಿ ಕಂಡಿದ್ದರೆ ಆ ವಾಕ್ಯವನ್ನು ಇದ್ದ ಹಾಗೇ ಬರೆದು ಕಳಿಸಿ. ‘ತಳ್ವುದು’ಗೆ ಇಂದಿನ ಒಂದು ಮಾತು ಹೊಳೆದರೆ ಅದನ್ನೂ.