ಕಮಿಟ್‌ಗಳು ವಿರಳವಾದ ಲೈಬ್ರರಿಯನ್ನು ಕೈಬಿಡಬೇಕೆ?

ಪ್ರಶ್ನೆ

ನಮ್ಮ ಉತ್ಪನ್ನವು ಹಲವು ಮುಕ್ತ ತಂತ್ರಾಂಶ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ, ಮರುಬಳಸಬಹುದಾದ ಕೋಡ್) ಅವಲಂಬಿಸಿದ್ದು, ಅವುಗಳ ಸ್ಥಿತಿಗತಿಯನ್ನು ತಿಂಗಳಿಗೊಮ್ಮೆ ಒಂದೇ ಡ್ಯಾಶ್‌ಬೋರ್ಡಿನಲ್ಲಿ ತೋರಿಸಬೇಕೆಂದು ಮೇಲಿನವರು ಕೇಳಿದ್ದಾರೆ. ಸದ್ಯಕ್ಕೆ ಕೋಡ್ ಇರಿಸುವ ತಾಣವಾದ ಗಿಟ್‌ಹಬ್ ತಾನೇ ಬಿಡಿಸಿಕೊಡುವ ಕಮಿಟ್ (ಕೋಡ್‌ನಲ್ಲಿ ದಾಖಲಾದ ಒಂದೊಂದು ಬದಲಾವಣೆ) ಮತ್ತು ಕೊಡುಗೆದಾರರ ಗ್ರಾಫ್‌ಗಳನ್ನು ಸೇರಿಸಿದ್ದೇನೆ. ಒಂದು ಲೈಬ್ರರಿಯಲ್ಲಿ ಕಳೆದ ವರ್ಷದಿಂದ ಕಮಿಟ್‌ಗಳು ತೀರಾ ವಿರಳವಾಗಿವೆ. ಇನ್ನೊಂದರಲ್ಲಿ ಪ್ರತಿ ವಾರವೂ ಎತ್ತರದ ಕಂಬಗಳು ಕಾಣುತ್ತವೆ. ಮೊದಲನೆಯದನ್ನು ಬದಲಿಸೋಣವೆಂಬ ಮಾತು ತಂಡದಲ್ಲಿ ಈಗಾಗಲೇ ಎದ್ದಿದೆ. ಅಂತಹ ನಿರ್ಧಾರಕ್ಕೆ ಈ ಗ್ರಾಫ್‌ಗಳು ಸಾಕೆ?

ಉತ್ತರ 1

ಸಾಲುವುದಿಲ್ಲ. ದಿನಾಂಕವನ್ನು ವಿಂಗಡಿಸುವಂತಹ ಒಂದೇ ಕೆಲಸವನ್ನು ಮಾಡಿ ಮುಗಿಸಿರುವ ಲೈಬ್ರರಿಗೆ ಪ್ರತಿ ವಾರ ಬದಲಾವಣೆ ಬೇಕಿಲ್ಲ. ಎತ್ತರದ ಕಂಬಗಳನ್ನೂ ಒಮ್ಮೆ ಬಿಡಿಸಿ ನೋಡಿ: ಅವುಗಳಲ್ಲಿ ಅವಲಂಬನೆಗಳ ಆವೃತ್ತಿಯನ್ನಷ್ಟೇ ಏರಿಸುವ ಡಿಪೆಂಡಬಾಟ್‌ನಂತಹ ಬಾಟ್‌ಗಳ (ತಾವಾಗಿ ಕೆಲಸ ಮಾಡುವ ಪ್ರೋಗ್ರಾಂಗಳ) ಪಾಲು ದೊಡ್ಡದಿರಬಹುದು. ಪುಲ್ ರಿಕ್ವೆಸ್ಟನ್ನು (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಸ್ಕ್ವಾಶ್ ಮಾಡಿ, ಅಂದರೆ ಅದರ ಕಮಿಟ್‌ಗಳನ್ನೆಲ್ಲ ಒಂದಾಗಿಸಿ, ಸೇರಿಸುವ ತಂಡದಲ್ಲಿ ವಾರಗಟ್ಟಲೆಯ ಕೆಲಸವೂ ಒಂದೇ ಕಮಿಟ್ ಆಗಿ ಕಾಣುತ್ತದೆ. ಹೀಗಿರುವಾಗ ಎರಡು ಯೋಜನೆಗಳ ಕಂಬಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಸಾಲುಗಳ ಎಣಿಕೆಯದೂ ಇದೇ ಕಥೆ, ಏಕೆಂದರೆ ಅವಲಂಬನೆಗಳ ನಿಖರ ಆವೃತ್ತಿಗಳನ್ನು ಪಟ್ಟಿಮಾಡುವ ಒಂದು ಲಾಕ್ ಫೈಲ್ ಬದಲಾದರೆ ಸಾವಿರಾರು ಸಾಲುಗಳು ಏರಿಳಿಯುತ್ತವೆ.

ನನ್ನ ದೃಷ್ಟಿಯಲ್ಲಿ ನೋಡಬೇಕಾದದ್ದು ಹೊರಗಿನವರು ತೆರೆದ ಇಶ್ಯೂ (ದೋಷ ಅಥವಾ ಬೇಡಿಕೆಯ ವರದಿ) ಅಥವಾ ಪುಲ್ ರಿಕ್ವೆಸ್ಟಿಗೆ ಮೊದಲ ಪ್ರತಿಕ್ರಿಯೆ ಬರಲು ಎಷ್ಟು ಸಮಯ ಹಿಡಿಯುತ್ತದೆ ಎಂಬುದನ್ನು. ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ 2017ರಲ್ಲಿ ಆರಂಭವಾದ, ಮುಕ್ತ ತಂತ್ರಾಂಶ ಯೋಜನೆಗಳ ಆರೋಗ್ಯಕ್ಕೆ ಅಳತೆಗೋಲು ರೂಪಿಸುವ ಕೇಯಾಸ್ (CHAOSS) ಯೋಜನೆಯು ಇದಕ್ಕೊಂದು ವ್ಯಾಖ್ಯೆಯನ್ನೇ ಕೊಟ್ಟಿದೆ. ಸರಾಸರಿಯ ಬದಲು ಮಧ್ಯಾಂಕವನ್ನು ಬಳಸಿ; ತಿಂಗಳುಗಟ್ಟಲೆ ಕಾದ ಕೆಲವೇ ಇಶ್ಯೂಗಳು ಸರಾಸರಿಯನ್ನು ಎತ್ತಲೋ ಎಳೆದುಬಿಡುತ್ತವೆ. ಇದರಲ್ಲೂ ಒಂದು ಬಲೆಯಿದೆ. ಪ್ರತಿಕ್ರಿಯೆಯೇ ಬಾರದ ಇಶ್ಯೂಗೆ ಪ್ರತಿಕ್ರಿಯೆಯ ಸಮಯವೆಂಬುದೇ ಇರುವುದಿಲ್ಲವಾದ್ದರಿಂದ, ನಿರ್ವಾಹಕರು ಸುಲಭದವಕ್ಕೆ ಮಾತ್ರ ಉತ್ತರಿಸಿ ಕಷ್ಟದವನ್ನು ಬಿಟ್ಟುಬಿಟ್ಟಷ್ಟೂ ಗ್ರಾಫ್ ಸುಧಾರಿಸಿದಂತೆ ಕಾಣುತ್ತದೆ. ಆದ್ದರಿಂದ ಉತ್ತರವಿಲ್ಲದೆ ಉಳಿದವುಗಳ ಪ್ರಮಾಣವನ್ನು ಅದೇ ಚಿತ್ರದಲ್ಲಿ ತೋರಿಸಿ. ಹಳೆಯ ಇಶ್ಯೂಗಳನ್ನು ತಾನಾಗಿ ಮುಚ್ಚುವ ಬಾಟ್ ಇದ್ದರೆ ಅದರ ಟಿಪ್ಪಣಿಗಳನ್ನು ಲೆಕ್ಕದಿಂದ ತೆಗೆಯಲು ಮರೆಯಬೇಡಿ.

ಉತ್ತರ 2

ಬಸ್ ಫ್ಯಾಕ್ಟರನ್ನೂ ಸೇರಿಸಿ, ಅಂದರೆ ಒಟ್ಟು ಕೊಡುಗೆಯ ಅರ್ಧದಷ್ಟನ್ನು ಹೊತ್ತಿರುವವರು ಕನಿಷ್ಠ ಎಷ್ಟು ಜನ ಎಂಬ ಸಂಖ್ಯೆಯನ್ನು. ಯೋಜನೆಯ ಇಡೀ ಇತಿಹಾಸಕ್ಕೆ ಲೆಕ್ಕ ಹಾಕಿದರೆ ಎಂದೋ ಬಿಟ್ಟುಹೋದವರೂ ಅದರಲ್ಲಿ ಸೇರುತ್ತಾರೆ. ಕಳೆದ ಒಂದು ವರ್ಷಕ್ಕೆ ಸೀಮಿತಗೊಳಿಸುವುದು ಒಳ್ಳೆಯದು. ಒಬ್ಬರೇ ಬೇರೆ ಬೇರೆ ಹೆಸರು ಅಥವಾ ಮಿಂಚಂಚೆ ವಿಳಾಸಗಳಿಂದ ಕಮಿಟ್ ಮಾಡಿದ್ದರೆ, ಬದಲಾವಣೆಗಳನ್ನು ದಾಖಲಿಸುವ ಸಾಧನವಾದ ಗಿಟ್ ಅವರನ್ನು ಇಬ್ಬರೆಂದು ಎಣಿಸಬಹುದು. ರೆಪೊಸಿಟರಿಯಲ್ಲಿ (ಯೋಜನೆಯ ಕೋಡ್ ಸಂಗ್ರಹದಲ್ಲಿ) ಯಾವ ಹೆಸರು, ವಿಳಾಸಗಳು ಒಬ್ಬರವೇ ಎಂದು ತಿಳಿಸುವ ಮೇಲ್‌ಮ್ಯಾಪ್ ಕಡತವಿದ್ದರೆ, ಕೊಡುಗೆದಾರರನ್ನು ಪಟ್ಟಿಮಾಡುವ ಗಿಟ್ ಶಾರ್ಟ್‌ಲಾಗ್ ಆದೇಶವು ಆ ಹೆಸರುಗಳನ್ನು ಒಂದುಗೂಡಿಸಿ ತೋರಿಸುತ್ತದೆ.

ಉತ್ತರ 3

ಬಸ್ ಫ್ಯಾಕ್ಟರಿನ ಬಗ್ಗೆ ನನ್ನದೊಂದು ತಕರಾರು. 2024ರ ಮಾರ್ಚ್‌ನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಯುಟಿಲ್ಸ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಪತ್ತೆಯಾಯಿತು. ಅದನ್ನು ಸೇರಿಸಿದ್ದು ವರ್ಷಗಳ ಕಾಲ ಕೊಡುಗೆ ನೀಡುತ್ತಾ ಸಹ-ನಿರ್ವಾಹಕನ ಸ್ಥಾನಕ್ಕೆ ಏರಿದ ಖಾತೆ. ಬಹುಪಾಲು ಒಬ್ಬರೇ ನಡೆಸುತ್ತಿದ್ದ ಯೋಜನೆಗೆ ಎರಡನೆಯ ಸಕ್ರಿಯ ಕೈ ಸೇರಿದಾಗ ಯಾವುದೇ ಡ್ಯಾಶ್‌ಬೋರ್ಡ್ ಅದನ್ನು ಸುಧಾರಣೆಯೆಂದೇ ಬಣ್ಣಿಸುತ್ತಿತ್ತು. ಅಪಾಯಕಾರಿ ಭಾಗವಂತೂ ಪರೀಕ್ಷಾ ಕಡತಗಳಲ್ಲಿ ಮತ್ತು ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಬಳಕೆದಾರರಿಗೆ ಹಂಚುವ ಕೋಡ್ ಕಟ್ಟಿನಲ್ಲಿ) ಅಡಗಿತ್ತು; ಕಮಿಟ್ ಎಣಿಸುವ ಸಾಧನಕ್ಕೆ ಅದು ಗೋಚರಿಸುವಂತಿರಲಿಲ್ಲ. ಆದ್ದರಿಂದ ಹಸಿರು, ಹಳದಿ, ಕೆಂಪು ಬಣ್ಣ ಬಳಿದ ಒಟ್ಟಂಕವನ್ನು ಮಾತ್ರ ದಯವಿಟ್ಟು ಹಾಕಬೇಡಿ. ಅದನ್ನು ಕಂಡವರು ಒಳಗಿನ ಗ್ರಾಫ್‌ಗಳನ್ನು ತೆರೆಯುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬಾಟ್‌ಗಳನ್ನು ತೆಗೆದು ನೋಡಿದಾಗ ಎರಡನೆಯ ಲೈಬ್ರರಿಯ ಕಂಬಗಳು ಬಹುಮಟ್ಟಿಗೆ ಕುಸಿದವು. ಮೊದಲನೆಯದರಲ್ಲಿ ಕಮಿಟ್‌ಗಳು ಕಡಿಮೆಯಿದ್ದರೂ ಹೊಸ ಇಶ್ಯೂಗಳಿಗೆ ಮಧ್ಯಾಂಕದ ಲೆಕ್ಕದಲ್ಲಿ ಎರಡು ದಿನದೊಳಗೆ ಉತ್ತರ ಬಂದಿದೆ, ಉತ್ತರವಿಲ್ಲದೆ ಉಳಿದವು ತೀರಾ ಕಡಿಮೆ. ಅದನ್ನು ಉಳಿಸಿಕೊಳ್ಳಲು ಶಿಫಾರಸು ಮಾಡುತ್ತೇನೆ. ಒಟ್ಟಂಕದ ಅಂಕಣವನ್ನು ತೆಗೆದಿದ್ದೇನೆ. ಮೇಲಿನವರು ಅದನ್ನೇ ಮೊದಲು ಕೇಳುತ್ತಾರೆಂಬುದೂ ಗೊತ್ತಿದೆ.