ಸ್ಟಾಪ್ ಮೋಷನ್: ಬೆಳಕು ಮಿಣುಕುತ್ತಿದೆ, ಆಮೆ ನಡೆಯುತ್ತಿಲ್ಲ

ಆಮೆಪ್ರಿಯ:
ಜೇಡಿಮಣ್ಣಿನಲ್ಲಿ ಆಮೆ ಮಾಡಿ, ಅದನ್ನು ಮೇಜಿನ ಈ ತುದಿಯಿಂದ ಆ ತುದಿಗೆ ನಡೆಸಬೇಕು ಅಂತ ಎರಡು ದಿನ ಕೂತು, ಸ್ವಲ್ಪ ಸ್ವಲ್ಪ ಸರಿಸುತ್ತಾ 120 ಫೋಟೋ ತೆಗೆದೆ. ಅವನ್ನು ಜೋಡಿಸಿ ಓಡಿಸಿದರೆ ಗೊಂಬೆ ತಾನೇ ನಡೆದ ಹಾಗೆ ಕಾಣುವುದೇ ಸ್ಟಾಪ್ ಮೋಷನ್. ಸೆಕೆಂಡಿಗೆ 12 ಫ್ರೇಮ್ (ಒಂದು ಫೋಟೋ ಒಂದು ಫ್ರೇಮ್) ಇಟ್ಟರೆ 10 ಸೆಕೆಂಡಿನ ವಿಡಿಯೋ. ಆದರೆ ಒಂದು ಫ್ರೇಮಿನಲ್ಲಿ ಬೆಳಕು ಜಾಸ್ತಿ, ಮುಂದಿನದರಲ್ಲಿ ಕಡಿಮೆ, ಇಡೀ ವಿಡಿಯೋ ಮಿಣಮಿಣ ಅನ್ನುತ್ತಿದೆ. ಆಮೆಯೂ ನಡೆದ ಹಾಗಿಲ್ಲ, ಯಾರೋ ತಳ್ಳಿದ ಹಾಗಿದೆ. ಮೇಜು ಕಿಟಕಿ ಪಕ್ಕ ಇದೆ, ಫೋನನ್ನು ಪುಸ್ತಕಗಳಿಗೆ ಒರಗಿಸಿದ್ದೆ. ಬೇರೆ ಕ್ಯಾಮೆರಾನೇ ಬೇಕಾ?

ಕತ್ತಲೆಕೋಣೆ:
ಬೇಡ, ಫೋನೇ ಸಾಕು. ಫೋನು ಪ್ರತಿ ಫೋಟೋಗೂ ಬೆಳಕನ್ನು ಹೊಸದಾಗಿ ಅಳೆಯುತ್ತದೆ, ತೊಂದರೆ ಅಲ್ಲಿದೆ. ಪರದೆ ಮೇಲೆ ಆಮೆಯನ್ನು ಒತ್ತಿ ಹಿಡಿದರೆ ಎಷ್ಟೋ ಫೋನುಗಳಲ್ಲಿ ಫೋಕಸ್, ಎಕ್ಸ್‌ಪೋಷರ್ (ಫೋಟೋ ಎಷ್ಟು ಬೆಳಗಿರಬೇಕು ಅನ್ನುವುದು) ಎರಡೂ ಲಾಕ್ ಆಗುತ್ತವೆ. ಮ್ಯಾನುಯಲ್ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸನ್ನೂ (ಬೆಳಕಿಗೆ ತಕ್ಕಂತೆ ಫೋನು ಬಣ್ಣ ಹೊಂದಿಸುವುದು) ಒಂದೇ ಕಡೆ ನಿಲ್ಲಿಸಿ, ಇಲ್ಲದಿದ್ದರೆ ಬಣ್ಣ ಬದಲಾಗುತ್ತಾ ಹೋಗುತ್ತದೆ. ಆಮೇಲೆ ಕಿಟಕಿ ಮುಚ್ಚಿ. ಮೋಡ ಬಂದು ಹೋದದ್ದು ನಮ್ಮ ಕಣ್ಣಿಗೆ ಗೊತ್ತಾಗದೇ ಇರಬಹುದು, ವಿಡಿಯೋದಲ್ಲಿ ಖಂಡಿತ ಕಾಣುತ್ತದೆ. ಎರಡು ಟೇಬಲ್ ಲ್ಯಾಂಪ್ ಸಾಕು. ಬಿಳಿ ಅಂಗಿಯಿಂದಲೂ ಬೆಳಕು ಆಮೆ ಮೇಲೆ ಬೀಳುತ್ತದೆ, ಅದಕ್ಕೆ ಗಾಢ ಬಣ್ಣದ ಬಟ್ಟೆ ಹಾಕಿ, ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತು ಕ್ಲಿಕ್ ಮಾಡಿ.

ಗೊಂಬೆಮನೆ:
ತಳ್ಳಿದ ಹಾಗೆ ಕಾಣುವುದು ಕಾಲಿನಿಂದ. ನೆಲಕ್ಕೆ ಊರಿದ ಕಾಲು ಇದ್ದಲ್ಲೇ ಇರಬೇಕು, ಮೈ ಅದರ ಮೇಲೆ ಮುಂದೆ ಹೋಗಬೇಕು. ನೀವು ಇಡೀ ಆಮೆಯನ್ನೇ ಎತ್ತಿ ಮುಂದಿಟ್ಟಿದ್ದೀರಿ ಅನ್ನಿಸುತ್ತದೆ, ಅಲ್ವಾ? ಆಮೆಯ ಎಡ ಮುಂಗಾಲು, ಬಲ ಹಿಂಗಾಲು ಹೆಚ್ಚುಕಮ್ಮಿ ಒಟ್ಟಿಗೆ ಏಳುತ್ತವೆ, ಅವು ಊರಿದ ಮೇಲೆ ಇನ್ನೊಂದು ಜೋಡಿ. ಹೊರಡುವಾಗ ಕೂದಲೆಳೆಯಷ್ಟು ಸರಿಸಿ, ನಡುವೆ ಸ್ವಲ್ಪ ಜಾಸ್ತಿ, ನಿಲ್ಲುವಾಗ ಮತ್ತೆ ಕಡಿಮೆ. ಕಾಲು ಏಳುವ ಮೊದಲು ಎರಡು ಮೂರು ಫ್ರೇಮ್ ಕತ್ತು ಮುಂದೆ ಚಾಚಿಸಿ ನೋಡಿ, ಆಮೆಗೆ ಎಲ್ಲೋ ಹೋಗುವ ಮನಸ್ಸಿದೆ ಅನ್ನಿಸುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟ ಆಗುವುದು ಇದೇ.

ಫೋನನ್ನು ಸ್ಟ್ಯಾಂಡಿಗೆ ಬಿಗಿಯಾಗಿ ಕಟ್ಟಿ, ಮುಟ್ಟಬೇಡಿ. ವೈರ್ ಇಯರ್‌ಫೋನಿನ ವಾಲ್ಯೂಮ್ ಬಟನ್ ಒತ್ತಿದರೆ ಸುಮಾರು ಫೋನುಗಳಲ್ಲಿ ಫೋಟೋ ಬೀಳುತ್ತದೆ. ಏರೋಪ್ಲೇನ್ ಮೋಡ್ ಹಾಕಿಡಿ, ನಡುವೆ ಕರೆ ಬಂದರೆ ಲಾಕ್ ಹೋಗಿಬಿಡಬಹುದು.

ಆಮೆಪ್ರಿಯ:
ನಿನ್ನೆ ರಾತ್ರಿ ಕಿಟಕಿ ಮುಚ್ಚಿ, ಲಾಕ್ ಮಾಡಿ 24 ಫ್ರೇಮ್ ತೆಗೆದೆ. ಮಿಣುಕುವುದು ಪೂರ್ತಿ ನಿಂತಿದೆ! ಕತ್ತು ಚಾಚಿದಾಗ ನಿಜಕ್ಕೂ ಜೀವ ಬಂದ ಹಾಗಾಯಿತು. ಆದರೆ ಬಗ್ಗಿಸಿ ಬಗ್ಗಿಸಿ ಹಿಂಗಾಲು ಬಿರುಕು ಬಿಟ್ಟಿದೆ.

ಗೊಂಬೆಮನೆ:
ಜೇಡಿಮಣ್ಣು ಒಣಗುತ್ತದೆ, ಅದಕ್ಕೆ. ಎಣ್ಣೆ ಬೆರೆತ ಮಾಡೆಲಿಂಗ್ ಕ್ಲೇ ಒಣಗುವುದಿಲ್ಲ. ಅಲ್ಯೂಮಿನಿಯಂ ತಂತಿ ಎರಡು ಎಳೆ ಹೊಸೆದು ಕಾಲಿನೊಳಗೆ ಇಟ್ಟು, ಮೇಲೆ ಕ್ಲೇ ಮೆತ್ತಿ. ಹೊಸ ಆಮೆ ನಡೆದಾಗ ವಿಡಿಯೋ ಇಲ್ಲೇ ಹಾಕಿ, ಕಾಯುತ್ತಿರುತ್ತೇನೆ.